ಮಣ್ಣು ಮುಚ್ಚಿದ ಹಿಮಯುಗ: ಆರ್ಕ್ಟಿಕ್ ನೆಲದಡಿ ಉಳಿದಿರುವ ಹಿಮನದಿಯ ಮಂಜುಗಡ್ಡೆ ಹೇಗೆ ಕರಗುತ್ತಿದೆ?

ನೆಲದೊಳಗು ಬರೆದದ್ದು:

ಹಿಮಯುಗ ಮುಗಿದು ಹತ್ತು ಸಾವಿರ ವರ್ಷಗಳಾದವು ಎಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಕೆನಡಾದ ವಾಯವ್ಯ ಭಾಗದಲ್ಲಿ ನೆಲ ಪರೀಕ್ಷೆಯ ಕೆಲಸ ಮಾಡುತ್ತಿರುವ ನನಗೆ ಆ ವಾಕ್ಯವನ್ನು ಹಾಗೆಯೇ ಒಪ್ಪಿಕೊಳ್ಳುವುದು ಈಗ ಕಷ್ಟವಾಗಿದೆ. ಉತ್ತರ ಅಮೆರಿಕದ ಸುಮಾರು ಅರ್ಧ ಭಾಗವನ್ನು ಮುಚ್ಚಿದ್ದ ಲಾರೆಂಟೈಡ್ ಹಿಮಹಾಸಿನ ಚೂರುಗಳು ಇಲ್ಲಿಯ ಗುಡ್ಡಗಳ ಹೊಟ್ಟೆಯಲ್ಲಿ ಇವತ್ತಿಗೂ ಇವೆ. ಮೇಲೆ ಹುಲ್ಲು, ಪಾಚಿ, ಕುಳ್ಳು ಗಿಡಗಳು ಬೆಳೆದಿವೆ, ಅವುಗಳ ನಡುವೆ ಕ್ಯಾರಿಬೂ ಎಂಬ ಜಿಂಕೆಗಳು ಮೇಯುತ್ತವೆ. ಒಂದೆರಡು ಮೀಟರ್ ಕೆಳಗೆ, ಹಿಂದೊಮ್ಮೆ ಹಿಮನದಿಯಾಗಿ ಹರಿದು ಬಂದ ಮಂಜುಗಡ್ಡೆಯೇ ಮಲಗಿದೆ. ನಮ್ಮಲ್ಲಿ ಬೂದಿ ಮುಚ್ಚಿದ ಕೆಂಡ ಎನ್ನುತ್ತೇವೆ. ಇದು ಮಣ್ಣು ಮುಚ್ಚಿದ ಹಿಮ.

ಎರಡು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಪೀಲ್ ಪ್ರಸ್ಥಭೂಮಿಯಲ್ಲಿ, ಫೋರ್ಟ್ ಮೆಕ್‌ಫರ್ಸನ್ ಊರಿನಿಂದ ಪಶ್ಚಿಮಕ್ಕೆ, ಒಂದು ದೊಡ್ಡ ಕುಸಿತದ ಅಂಚಿನಲ್ಲಿ ನಿಂತಿದ್ದೆ. ಕುದುರೆ ಲಾಳದ ಆಕಾರದಲ್ಲಿ ಗುಡ್ಡದ ಪಕ್ಕವನ್ನು ಕಚ್ಚಿ ತೆಗೆದಂತೆ ಇತ್ತು. ಅಂಚಿನಲ್ಲಿ ಹುಲ್ಲಿನ ಪದರ ಕಂಬಳಿಯ ಕೊನೆಯಂತೆ ಜೋತುಬಿದ್ದಿತ್ತು, ಅದರಿಂದ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಅದರಡಿಯಲ್ಲಿ ಕಲ್ಲುಮಿಶ್ರಿತ ಕಂದು ಮಣ್ಣು, ಅದರಡಿಯಲ್ಲಿ ಹಗ್ಗ ಹಿಡಿದು ಎಳೆದಂತೆ ನೇರವಾದ ಒಂದು ಗೆರೆ, ಗೆರೆಯ ಕೆಳಗೆ ಹತ್ತಾರು ಅಡಿ ಎತ್ತರದ ಬೂದು ಬಣ್ಣದ ಹಿಮದ ಗೋಡೆ. ಗೋಡೆಯುದ್ದಕ್ಕೂ ಕೆಸರಿನ ಪಟ್ಟೆಗಳು ಓರೆಯಾಗಿ ಮಡಚಿಕೊಂಡು ಸಾಗಿದ್ದವು, ನಡುನಡುವೆ ತೆಂಗಿನಕಾಯಿ ಗಾತ್ರದ ಕಲ್ಲುಗಳು ಯಾವ ಆಧಾರವೂ ಇಲ್ಲದೆ ಹಿಮದಲ್ಲಿ ತೇಲಿದಂತೆ ನಿಂತಿದ್ದವು. ಕೆಲವು ಕ್ಷಣಗಳಿಗೊಮ್ಮೆ ಅವುಗಳಲ್ಲಿ ಒಂದು ಕಳಚಿ ಕೆಳಗಿನ ಕೆಸರಿಗೆ ಬೀಳುತ್ತಿತ್ತು. ಆ ಕೆಸರು ಮೊಣಕಾಲಿನವರೆಗೂ ನುಂಗುವಂಥದ್ದು. ಗೋಡೆಯಿಂದ ಮುರಿದು ಬಿದ್ದಿದ್ದ ಹಿಮದ ಸ್ವಚ್ಛವಾದ ತುಂಡೊಂದನ್ನು ಥರ್ಮಾಸ್ ಮುಚ್ಚಳದಲ್ಲಿದ್ದ ಬಿಸಿನೀರಿಗೆ ಹಾಕಿದಾಗ ಸಣ್ಣಸಣ್ಣ ಗುಳ್ಳೆಗಳು ಚಿಟಚಿಟನೆ ಒಡೆದವು. ಹಿಮಯುಗದಲ್ಲಿ ಹಿಮದೊಂದಿಗೆ ಸೆರೆಯಾದ ಗಾಳಿ ನನ್ನ ಮುಖದ ಮುಂದೆಯೇ ಹೊರಬರುತ್ತಿದೆ ಎಂದು ತಿಳಿದಾಗ ನನಗೆ ಮಾತು ಹೊರಡಲಿಲ್ಲ.

ಈ ಮಂಜುಗಡ್ಡೆ ನಿಧಾನವಾಗಿ ಕರಗುತ್ತದೆ ಎಂದು ಎಲ್ಲ ಕಡೆ ಬರೆಯುತ್ತಾರೆ. ನಾನು ಕಂಡಂತೆ ಅದು ಪೂರ್ತಿ ಸರಿಯಲ್ಲ. ಸಾವಿರಾರು ವರ್ಷ ಒಂದು ಹನಿಯೂ ಕರಗದೆ ಕೂತಿದ್ದು, ಮೇಲಿನ ಹೊದಿಕೆ ಒಮ್ಮೆ ಹರಿದ ಮೇಲೆ ಕೆಲವೇ ದಶಕಗಳಲ್ಲಿ ಗುಡ್ಡದ ಪಕ್ಕವನ್ನೇ ಹೊತ್ತುಕೊಂಡು ಹೋಗುವ ಸ್ವಭಾವ ಅದರದ್ದು. ಈ ವಿಷಯವನ್ನು ಕನ್ನಡದಲ್ಲಿ ಕೂಲಂಕಷವಾಗಿ ಮಾತಾಡಬೇಕೆಂಬ ಆಸೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಕಡಲತಡಿ ಬರೆದದ್ದು:

ನಾನು ಮಲ್ಪೆಯವನು. ನಮ್ಮ ಬಂದರಿನಲ್ಲಿ ಐಸ್ ಪ್ಲಾಂಟಿನಿಂದ ಬರುವ ಗಡ್ಡೆಗಳನ್ನು ಗೋಣಿತಾಟು ಮುಚ್ಚಿ ಇಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಹಿಂದೆ ಮರದ ಹೊಟ್ಟನ್ನೂ ಹಾಕುತ್ತಿದ್ದರು. ಹೊದಿಕೆ ಇದ್ದರೆ ಗಡ್ಡೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ, ಇಲ್ಲದಿದ್ದರೆ ಬೆಳಗಿನ ತಿಂಡಿಯ ಹೊತ್ತಿಗೇ ಅರ್ಧವಾಗುತ್ತದೆ. ಆದರೆ ಎಂಥ ಹೊದಿಕೆಯಾದರೂ ಕರಗುವುದನ್ನು ತಡಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹಾಗಿರುವಾಗ ಹದಿನೈದು, ಇಪ್ಪತ್ತು ಸಾವಿರ ವರ್ಷ ಮಣ್ಣಿನಡಿಯಲ್ಲಿ ಹಿಮ ಉಳಿಯಿತು ಎಂದರೆ ಅದರ ಲೆಕ್ಕ ಹೇಗೆ? ದಯವಿಟ್ಟು ಬಿಡಿಸಿ ಹೇಳಿ.

ನೆಲದೊಳಗು ಬರೆದದ್ದು:

ನಿಮ್ಮ ಗೋಣಿತಾಟಿನ ಹೋಲಿಕೆ ಬಹಳ ಉಪಯುಕ್ತವಾಗಿದೆ, ಏಕೆಂದರೆ ವ್ಯತ್ಯಾಸ ಎಲ್ಲಿದೆ ಎಂಬುದನ್ನು ಅದರಿಂದಲೇ ತೋರಿಸಬಹುದು. ಮಲ್ಪೆಯಲ್ಲಿ ಗಡ್ಡೆಯ ಕೆಳಗೂ ಬಿಸಿ, ಮೇಲೂ ಬಿಸಿ, ರಾತ್ರಿಯೂ ಬಿಸಿ. ಆರ್ಕ್ಟಿಕ್‌ನಲ್ಲಿ ವರ್ಷದ ಸರಾಸರಿ ಉಷ್ಣತೆಯೇ ಸೊನ್ನೆಗಿಂತ ಕೆಳಗಿರುವುದರಿಂದ ನೆಲ ಆಳದವರೆಗೂ ಹೆಪ್ಪುಗಟ್ಟಿರುತ್ತದೆ. ಪರ್ಮಾಫ್ರಾಸ್ಟ್ ಎಂದು ಕರೆಯುವ ಈ ಹೆಪ್ಪುನೆಲದ ಮೇಲಿನ ತೆಳು ಪದರ ಮಾತ್ರ ಬೇಸಿಗೆಯಲ್ಲಿ ಕರಗಿ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಅದನ್ನು ಸಕ್ರಿಯ ಪದರ ಎನ್ನುತ್ತಾರೆ; ನಾನು ಕೆಲಸ ಮಾಡುವ ಕಡೆ ಅದು ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ದಪ್ಪವಿರುತ್ತದೆ. ಹಿಮದ ಮೇಲಿನ ಮಣ್ಣು ಈ ಸಕ್ರಿಯ ಪದರಕ್ಕಿಂತ ದಪ್ಪವಾಗಿದ್ದರೆ ಬೇಸಿಗೆಯ ಶಾಖ ಹಿಮವನ್ನು ಮುಟ್ಟುವ ಮೊದಲೇ ಚಳಿಗಾಲ ಬಂದುಬಿಡುತ್ತದೆ. ಅಲ್ಲಿಗೆ ಕರಗುವುದು ತಡವಾಗುವುದಲ್ಲ, ನಿಂತೇ ಹೋಗುತ್ತದೆ.

ಹೊದಿಕೆ ಬಂದದ್ದೂ ಆ ಹಿಮದಿಂದಲೇ. ಹಿಮಹಾಸಿನ ತಳ ನೆಲವನ್ನು ಉಜ್ಜಿಕೊಂಡು ಸಾಗುವಾಗ ಕಲ್ಲು, ಮರಳು, ಜೇಡಿಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಚಲನೆ ನಿಂತು ಮೇಲಿನಿಂದ ಕರಗತೊಡಗಿದಾಗ ಆ ಕಲ್ಲುಮಣ್ಣು ಮೇಲ್ಮೈಯಲ್ಲಿ ಉಳಿಯುತ್ತಾ ಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ವೀಡನ್ನಿನಲ್ಲಿ ಅಳತೆ ಮಾಡಿ 1959ರಲ್ಲಿ ಗುನ್ನಾರ್ ಆಸ್ಟ್ರೆಮ್ ತೋರಿಸಿಕೊಟ್ಟಂತೆ, ಒಂದೆರಡು ಸೆಂಟಿಮೀಟರಿನಷ್ಟು ತೆಳು ಮಣ್ಣು ಬಿಸಿಲನ್ನು ಹೀರಿ ಹಿಮವನ್ನು ಇನ್ನೂ ಬೇಗ ಕರಗಿಸುತ್ತದೆ. ಅದಕ್ಕಿಂತ ದಪ್ಪವಾದಂತೆಲ್ಲ ಅದೇ ಮಣ್ಣು ಕಂಬಳಿಯಾಗುತ್ತದೆ. ಹೀಗೆ ಕರಗುತ್ತಾ ಕರಗುತ್ತಾ ಹಿಮ ತನ್ನ ಕಂಬಳಿಯನ್ನು ತಾನೇ ನೇಯ್ದುಕೊಂಡಿತು.

ಗೋಡೆಯಲ್ಲಿ ಕಂಡ ನೇರವಾದ ಗೆರೆಯ ಬಗ್ಗೆಯೂ ಹೇಳಬೇಕು. ಹಿಮಯುಗ ಮುಗಿದ ಕೆಲವು ಸಾವಿರ ವರ್ಷಗಳಲ್ಲಿ, ಅಂದರೆ ಇಂದಿಗೆ ಸುಮಾರು 9,000 ವರ್ಷಗಳ ಹಿಂದಿನ ಅವಧಿಯಲ್ಲಿ, ಪಶ್ಚಿಮ ಆರ್ಕ್ಟಿಕ್ ಈಗಿನದಕ್ಕಿಂತ ಬೆಚ್ಚಗಿತ್ತು, ಸಕ್ರಿಯ ಪದರ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಕಾಲದಲ್ಲಿ ಕರಗುವಿಕೆ ಎಲ್ಲಿಯವರೆಗೆ ತಲುಪಿತೋ ಅಲ್ಲಿ ಒಂದು ಗೆರೆ ಉಳಿದುಹೋಗಿದೆ. ಅದರ ಮೇಲಿನ ಮಣ್ಣು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ್ದು, ಕೆಳಗಿನ ಹಿಮ ಎಂದೂ ಕರಗದೇ ಇದ್ದದ್ದು. ಈ ಹಿಮ ಒಂದು ಬಿಸಿ ಕಾಲವನ್ನು ಆಗಲೇ ದಾಟಿ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ. ಹಾಗಾದರೆ ಈಗೇಕೆ ಸೋಲುತ್ತಿದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಭೂಗೋಳದ ಮೇಷ್ಟ್ರು ಬರೆದದ್ದು:

ಒಂದು ಮೂಲಭೂತ ಸಂಶಯವನ್ನು ಮುಂದಿಡುತ್ತೇನೆ. ನೆಲದಡಿಯ ಹಿಮವೆಲ್ಲ ಹಿಮನದಿಯ ಹಿಮವೇ ಆಗಬೇಕಿಲ್ಲ. ಕೆನಡಾದ ಹೆಸರಾಂತ ಭೂಗೋಳಶಾಸ್ತ್ರಜ್ಞ ಜೆ. ರಾಸ್ ಮೆಕೆ ಅವರು ದಶಕಗಳ ಕಾಲ ಅಲ್ಲಿಯ ಉತ್ತರ ಕರಾವಳಿಯ ಟುಕ್ಟೊಯಾಕ್ಟುಕ್ ಊರಿನ ಸುತ್ತಮುತ್ತ ಅಧ್ಯಯನ ನಡೆಸಿ, ಅಲ್ಲಿಯ ದಪ್ಪನೆಯ ಹಿಮದ ಪದರಗಳು ಮರಳಿನೊಳಗಿನ ನೀರು ಒತ್ತಡಕ್ಕೆ ಸಿಕ್ಕಿ ನೆಲದಡಿಯಲ್ಲೇ ಹೆಪ್ಪುಗಟ್ಟಿದ್ದರಿಂದ ಉಂಟಾದವು ಎಂದು ವಾದಿಸಿದ್ದರು. ಸೈಬೀರಿಯಾದ ಬಟಗಾಯ್ ಕುಸಿತದಲ್ಲಿ ಕಾಣುವುದು ಕೂಡ ನೆಲದ ಬಿರುಕುಗಳಲ್ಲಿ ವರ್ಷವರ್ಷವೂ ನೀರು ಇಳಿದು ಬೆಳೆದ ಹಿಮದ ಬೆಣೆಗಳೇ. ತಾವು ನೋಡಿದ್ದು ನಿಜಕ್ಕೂ ಹಿಮನದಿಯ ಉಳಿಕೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ? ಮಕ್ಕಳಿಗೆ ಪಾಠ ಹೇಳುವವನಾದ್ದರಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳುವುದು ನನಗೆ ಅಗತ್ಯ.

ನೆಲದೊಳಗು ಬರೆದದ್ದು:

ಮೇಷ್ಟ್ರೇ, ಈ ಪ್ರಶ್ನೆ ಇಲ್ಲದೆ ಚರ್ಚೆ ಅಪೂರ್ಣವಾಗುತ್ತಿತ್ತು. ಮೆಕೆ ಅವರ ವಿವರಣೆ ಅನೇಕ ಜಾಗಗಳಿಗೆ ಇಂದಿಗೂ ಸಲ್ಲುತ್ತದೆ. ಒಂದೇ ಕಡಲತೀರದಲ್ಲಿ ಎರಡೂ ಬಗೆಯ ಹಿಮ ಅಕ್ಕಪಕ್ಕದಲ್ಲಿ ಇರುವುದುಂಟು. ಆದ್ದರಿಂದ ಯಾವುದೇ ಒಂದು ಗುರುತನ್ನು ನಂಬಿ ತೀರ್ಮಾನಿಸಬಾರದು.

ನೆಲದಲ್ಲೇ ಹುಟ್ಟಿದ ಹಿಮಕ್ಕೂ ಮೇಲಿನ ಮಣ್ಣಿಗೂ ನಡುವೆ ಸಾಮಾನ್ಯವಾಗಿ ಹಂತಹಂತವಾದ ಬದಲಾವಣೆ ಕಾಣುತ್ತದೆ, ಏಕೆಂದರೆ ಎರಡೂ ಒಟ್ಟಿಗೆ ಹೆಪ್ಪುಗಟ್ಟಿರುತ್ತವೆ. ಹೂತುಹೋದ ಹಿಮನದಿಯ ಮೇಲೆ ಮಣ್ಣು ಥಟ್ಟನೆ ಆರಂಭವಾಗುತ್ತದೆ. ಹಿಮನದಿಯ ಹಿಮದಲ್ಲಿ ಚಲನೆಯ ಗುರುತುಗಳಿರುತ್ತವೆ: ಮಡಿಕೆಗಳು, ಎಳೆದು ಚಪ್ಪಟೆಯಾದ ಪಟ್ಟೆಗಳು, ಒಂದೇ ದಿಕ್ಕಿಗೆ ಓರೆಯಾದ ಹರಳುಗಳು, ದೂರದ ಬಂಡೆಗಳಿಂದ ಗೀಚಿಸಿಕೊಂಡು ಬಂದ ಕಲ್ಲುಗಳು. ಆಮ್ಲಜನಕದ ಭಾರವಾದ ಮತ್ತು ಹಗುರವಾದ ಐಸೊಟೋಪುಗಳ ಪ್ರಮಾಣ ಆ ಹಿಮ ಎಷ್ಟು ಚಳಿಯಲ್ಲಿ ಬಿದ್ದದ್ದೆಂದು ಹೇಳುತ್ತದೆ, ಆದರೆ ಇದರಲ್ಲೂ ಮೋಸಹೋಗುವ ಸಾಧ್ಯತೆ ಇದೆ. ಹಿಮನದಿ ಕರಗಿದ ನೀರೇ ನೆಲಕ್ಕಿಳಿದು ಮತ್ತೆ ಹೆಪ್ಪುಗಟ್ಟಿದರೆ ಅದಕ್ಕೂ ಅದೇ ಗುರುತು ಬರುತ್ತದೆ. ಅಂಥಲ್ಲಿ ಗುಳ್ಳೆಗಳೊಳಗಿನ ಅನಿಲವನ್ನು ಅಳೆಯುವುದು ಹೆಚ್ಚು ಭರವಸೆಯ ದಾರಿ. ಹಿಮ ಒತ್ತಿಕೊಂಡು ಗಟ್ಟಿಯಾದ ಮಂಜುಗಡ್ಡೆಯಲ್ಲಿ ವಾತಾವರಣದ ಗಾಳಿಯ ಮಿಶ್ರಣವೇ ಹೆಚ್ಚುಕಡಿಮೆ ಉಳಿದಿರುತ್ತದೆ. ನೀರಿನಿಂದಾದ ಗಡ್ಡೆಯಲ್ಲಿ ಆ ಪ್ರಮಾಣ ಬದಲಾಗಿರುತ್ತದೆ, ಏಕೆಂದರೆ ಆಮ್ಲಜನಕ ನೀರಿನಲ್ಲಿ ಸಾರಜನಕಕ್ಕಿಂತ ಹೆಚ್ಚು ಕರಗುತ್ತದೆ.

ಕೆನಡಾದ ಬ್ಯಾಫಿನ್ ದ್ವೀಪದ ಉತ್ತರಕ್ಕಿರುವ ಬೈಲಟ್ ದ್ವೀಪದಲ್ಲಿ ಇಂಥ ಹಲವು ಗುರುತುಗಳನ್ನು ಒಟ್ಟಿಗೆ ಇಟ್ಟು ಪರೀಕ್ಷಿಸಿದ್ದಾರೆ. ಅಲ್ಲಿ ಹಿಮವನ್ನು ಮುಚ್ಚಿರುವ ಮಣ್ಣಿನ ಕಾಂತೀಯತೆಯ ಆಧಾರದ ಮೇಲೆ, ಭೂಮಿಯ ಕಾಂತಧ್ರುವಗಳು ಕೊನೆಯ ಬಾರಿ ಅದಲುಬದಲಾದ ಕಾಲಕ್ಕಿಂತಲೂ, ಅಂದರೆ ಸುಮಾರು 7,70,000 ವರ್ಷಗಳಿಗಿಂತಲೂ, ಆ ಹಿಮ ಹಳೆಯದೆಂದು ಸಂಶೋಧಕರು ನಿರ್ಧರಿಸಿದ್ದಾರೆ. ಒಂದರ ಹಿಂದೆ ಒಂದರಂತೆ ಬಂದ ಎಷ್ಟೋ ಬಿಸಿ ಕಾಲಗಳನ್ನು ದಾಟಿದ ಹಿಮ ಈಗ ಒಂದು ಕುಸಿತದ ಅಂಚಿನಲ್ಲಿ ಬಿಸಿಲಿಗೆ ಬಿದ್ದಿದೆ. ಇದನ್ನು ಬರೆಯುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಉತ್ತರದಿಕ್ಕು ಬರೆದದ್ದು:

ನಾನು ಹಿಮನದಿಗಳ ಬಗ್ಗೆ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿನಿ. ಈ ಮಾತುಕತೆಗೆ ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಸಮೂಹವನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ಅಲ್ಲಿ ಹೂಳುವ ಕೆಲಸ ನಮ್ಮ ಕಣ್ಣೆದುರೇ ನಡೆಯುತ್ತಿದೆ. ಭಾರತದ ಹಿಮಾದ್ರಿ ಕೇಂದ್ರ 2008ರಿಂದ ಇರುವ ನ್ಯೂ ಆಲಸುಂಡ್ ಊರಿನ ಹತ್ತಿರದ ಹಿಮನದಿಗಳ ಮುಂದೆ ಕಾಣುವ ಕಲ್ಲುಗುಡ್ಡೆಗಳಲ್ಲಿ ಕೆಲವು ಒಳಗೆ ಹಿಮದ ತಿರುಳನ್ನು ಇಟ್ಟುಕೊಂಡಿವೆ. ಹೊರಗಿನಿಂದ ನೋಡಿದರೆ ಸಾಮಾನ್ಯ ಮೊರೇನ್, ಅಂದರೆ ಹಿಮನದಿ ತಂದು ಒಟ್ಟಿದ ಬರಿಯ ಕಲ್ಲುಮಣ್ಣಿನ ಗುಡ್ಡೆ, ಎಂದೇ ಅನ್ನಿಸುತ್ತದೆ.

ಅದೇ ದ್ವೀಪಸಮೂಹದ ಹೋಲ್ಮ್‌ಸ್ಟ್ರೋಮ್‌ಬ್ರೀನ್ ಎಂಬ ಹಿಮನದಿಯ ಚಲನೆಯಿಲ್ಲದ ಮೂತಿಯಲ್ಲಿ ನಡೆದ ಅಳತೆ ನಮ್ಮ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಹಿಮದ ತಿರುಳಿರುವ ಆ ಗುಡ್ಡೆಗಳ ಮೇಲ್ಮೈ 1984ರಿಂದ 2004ರವರೆಗೆ ವರ್ಷಕ್ಕೆ ಸರಾಸರಿ 0.9 ಮೀಟರಿನಂತೆ ತಗ್ಗಿತು. ಆದರೆ ಮಣ್ಣು ಜಾರಿ ಹಿಮ ಬಯಲಾದ ಇಳಿಜಾರುಗಳಲ್ಲಿ ಅದು ದಿನಕ್ಕೆ ಸುಮಾರು 9 ಸೆಂಟಿಮೀಟರಿನಂತೆ ಹಿಂದೆ ಸರಿಯುತ್ತಿತ್ತು. ಅದು ಎಡೆಬಿಡದ ಹೆಪ್ಪುನೆಲದ ಪ್ರದೇಶವಾದ್ದರಿಂದ ಹೂತ ಹಿಮ ಭದ್ರವಾಗಿರಬೇಕಿತ್ತು. ಇಳಿಜಾರಿನ ಮಣ್ಣು ಒಂದೆಡೆ ನಿಲ್ಲದೆ ಕೆರೆಗೆ ಜಾರುತ್ತಲೇ ಇದ್ದದ್ದರಿಂದ ಕಂಬಳಿ ಕಟ್ಟಿಕೊಳ್ಳಲು ಅವಕಾಶವೇ ಸಿಗಲಿಲ್ಲ. ಮೇಲಿನಿಂದ ಕೆಳಕ್ಕೆ ಕರಗುವುದಕ್ಕೂ ಬದಿಯಿಂದ ಒಳಕ್ಕೆ ಕರಗುವುದಕ್ಕೂ ಇರುವ ಈ ಅಂತರವನ್ನು ಗಮನಿಸದಿದ್ದರೆ ಯಾವ ಅಂದಾಜೂ ದಾರಿ ತಪ್ಪುತ್ತದೆ ಎಂದು ನನ್ನ ಭಾವನೆ.

ನೆಲದೊಳಗು ಬರೆದದ್ದು:

ಬಹಳ ಒಳ್ಳೆಯ ಉದಾಹರಣೆ ಕೊಟ್ಟಿರಿ. ಪೀಲ್ ಪ್ರಸ್ಥಭೂಮಿಯಲ್ಲೂ ಸೋಲು ಬದಿಯಿಂದಲೇ ಬರುತ್ತಿದೆ. ಹೊಳೆಯೊಂದು ಗುಡ್ಡದ ಬುಡವನ್ನು ಕೊರೆಯುತ್ತದೆ, ಅಥವಾ ಬಿಸಿ ಬೇಸಿಗೆಯಲ್ಲಿ ಮೇಲಿನ ಪದರ ಜಾರುತ್ತದೆ, ಹಿಮ ಬಯಲಾಗುತ್ತದೆ. ಒಂದು ಕಿಲೋ ಮಂಜುಗಡ್ಡೆಯನ್ನು ಕರಗಿಸಲು ಬೇಕಾಗುವ ಶಾಖದಿಂದ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಹಿಮ ಸುಲಭಕ್ಕೆ ಬಗ್ಗುವ ವಸ್ತುವಲ್ಲ. ಆದರೆ ಇಲ್ಲಿ ನಡುಬೇಸಿಗೆಯಲ್ಲಿ ವಾರಗಟ್ಟಲೆ ಸೂರ್ಯ ಮುಳುಗುವುದೇ ಇಲ್ಲ. ಒಂದೇ ಬೇಸಿಗೆಯಲ್ಲಿ ಗೋಡೆ ಹತ್ತು ಮೀಟರಿಗೂ ಹೆಚ್ಚು ಹಿಂದೆ ಸರಿಯುವುದುಂಟು.

ಸಾಮಾನ್ಯವಾಗಿ ಇಂಥ ಕುಸಿತ ಕೆಲವು ವರ್ಷಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಬಿದ್ದ ಕೆಸರು ಗೋಡೆಯ ಬುಡದಲ್ಲಿ ಪೇರಿಸಿಕೊಂಡು ಹಿಮವನ್ನು ಮತ್ತೆ ಮುಚ್ಚುತ್ತದೆ, ಮೇಲೆ ಗಿಡ ಬೆಳೆಯುತ್ತದೆ. ಈಗ ಕೆಟ್ಟಿರುವುದು ಈ ವಾಸಿಯಾಗುವ ಕ್ರಮ, ಮತ್ತು ಅದಕ್ಕೆ ಕಾರಣ ಬಿಸಿಲಿಗಿಂತ ಹೆಚ್ಚಾಗಿ ಮಳೆ. ಬೇಸಿಗೆಯ ಮಳೆ ಹೆಚ್ಚಾದಾಗ ಬುಡದ ಕೆಸರು ನೀರು ಕುಡಿದು ಅಂಬಲಿಯಂತಾಗಿ ಕಣಿವೆಗೆ ಹರಿದುಹೋಗುತ್ತದೆ, ಗೋಡೆ ಮತ್ತೆ ಬರಿಮೈಯಾಗುತ್ತದೆ. ಹಾಗಾಗಿ ಪಾಚಿ ಹಿಡಿದು ಮುಚ್ಚಿಹೋಗಬೇಕಾದ ಗಾಯಗಳು ದಶಕಗಟ್ಟಲೆ ತೆರೆದೇ ಉಳಿದು, ಹತ್ತಾರು ಹೆಕ್ಟೇರುಗಳಿಗೆ ಹಬ್ಬುತ್ತಿವೆ. ಮೊದಲು ನಾನೇ ಎತ್ತಿದ್ದ ಪ್ರಶ್ನೆಗೆ, ಅಂದರೆ 9,000 ವರ್ಷಗಳ ಹಿಂದೆ ಗೆದ್ದ ಹಿಮ ಈಗ ಇಲ್ಲಿ ಸೋಲುತ್ತಿರುವುದಕ್ಕೆ, ನನ್ನ ಉತ್ತರದ ದೊಡ್ಡ ಪಾಲು ಇದೇ.

ತುಂಗಾತೀರ ಬರೆದದ್ದು:

ಇಂಥ ಸುದ್ದಿ ಬಂದಾಗಲೆಲ್ಲ ಮೀಥೇನ್ ಸ್ಫೋಟದ ಮಾತು ಬರುತ್ತದೆ. ಹೂತ ಹಿಮನದಿ ಕರಗಿದರೂ ಅದೇ ಅಪಾಯವೇ? ಕೆಳಗಿನ ಊರುಗಳ ಕುಡಿಯುವ ನೀರಿಗೆ, ಮೀನಿಗೆ ಏನಾಗುತ್ತದೆ?

ನೆಲದೊಳಗು ಬರೆದದ್ದು:

ಸೈಬೀರಿಯಾದ ಬೆಣೆಹಿಮದ ನೆಲದಲ್ಲಿ ಕೊಳೆಯದ ಸಸ್ಯಶೇಷ ಬಹಳವಿದೆ, ಮೀಥೇನ್ ಹುಟ್ಟುವುದು ಅಂಥದ್ದು ಕೊಳೆತಾಗ. ಹಿಮನದಿ ತಂದು ಹಾಕಿದ ಮಣ್ಣು ಹೆಚ್ಚಾಗಿ ಪುಡಿಯಾದ ಬಂಡೆ, ಅದರಲ್ಲಿ ಜೈವಿಕ ಇಂಗಾಲ ಕಡಿಮೆ. ಪೀಲ್ ಪ್ರಸ್ಥಭೂಮಿಯಲ್ಲಿ ಕಂಡ ಸಂಗತಿ ಬೇರೆ ಬಗೆಯದು. ಸಾವಿರಾರು ವರ್ಷ ಗಾಳಿ ನೀರು ಸೋಕದೆ ಇದ್ದ ಗಂಧಕದ ಖನಿಜಗಳು ಹೊರಬಿದ್ದು ಗಂಧಕಾಮ್ಲವಾಗುತ್ತವೆ, ಆ ಆಮ್ಲ ಸುಣ್ಣದ ಕಣಗಳನ್ನು ಕರಗಿಸುತ್ತದೆ, ಆಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಜೀವಿಗಳ ಪಾತ್ರವಿಲ್ಲದೆ ಬರಿಯ ಕಲ್ಲಿನಿಂದಲೇ ಅನಿಲ ಬರುವ ದಾರಿ ಇದು.

ನೀರಿನ ವಿಷಯದಲ್ಲಿ ಆತಂಕ ಸಕಾರಣವಾದದ್ದು. ಕುಸಿತದ ಕೆಳಗಿನ ತೊರೆಗಳು ಹಾಲು ಬೆರೆಸಿದ ಚಹಾದಂತೆ ಹರಿಯುತ್ತವೆ, ಆ ಹೂಳಿಗೆ ಅಂಟಿಕೊಂಡ ಪಾದರಸದ ಪ್ರಮಾಣ ಬಹಳ ಹೆಚ್ಚಿರುವುದನ್ನು ಸಂಶೋಧಕರು ಅಳೆದಿದ್ದಾರೆ. ಬಹುಪಾಲು ಕಣಗಳಿಗೆ ಅಂಟಿರುವುದರಿಂದ ಅದು ಮೀನಿನ ದೇಹಕ್ಕೆ ಎಷ್ಟರಮಟ್ಟಿಗೆ ಸೇರುತ್ತದೆ ಎಂಬುದು ಬೇರೆ ಲೆಕ್ಕ. ಆದರೂ ಈ ಹೊಳೆಗಳಲ್ಲಿ ಮೀನು ಹಿಡಿದು ಬದುಕಿದ ಇಲ್ಲಿಯ ಮೂಲನಿವಾಸಿಗಳಾದ ಗ್ವಿಚಿನ್ ಜನರಿಗೆ ತಿಳಿಯಾದ ನೀರು ಕೆಸರಾಗುವುದೇ ದೊಡ್ಡ ನಷ್ಟ. ಅಳತೆಯ ಉಪಕರಣಗಳು ಬರುವ ಮೊದಲೇ ಅವರು ಇದನ್ನು ಗಮನಿಸಿ ಹೇಳುತ್ತಿದ್ದರು.

ಭೂಗೋಳದ ಮೇಷ್ಟ್ರು ಬರೆದದ್ದು:

2023ರ ಅಕ್ಟೋಬರಿನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರಕ್ಕೆ ಹೆಪ್ಪುಗಟ್ಟಿದ ಮೊರೇನ್ ಕುಸಿದು, ಪ್ರವಾಹ ತೀಸ್ತಾ ಕಣಿವೆಯ ಚುಂಗ್‌ಥಾಂಗ್ ಅಣೆಕಟ್ಟನ್ನು ಕೊಚ್ಚಿಕೊಂಡು ಹೋದದ್ದು ನೆನಪಾಗುತ್ತಿದೆ. ಆರ್ಕ್ಟಿಕ್‌ನಲ್ಲಿಯೂ ಕೆರೆಗಳು ಹೀಗೆ ಒಡೆದದ್ದುಂಟೇ? ಮತ್ತೊಂದು ಕೋರಿಕೆ: ಹತ್ತನೆಯ ತರಗತಿಯ ಮಕ್ಕಳಿಗೆ ತೋರಿಸಲು ಒಂದೇ ಒಂದು ನಕ್ಷೆ ಆರಿಸಬೇಕಾದರೆ ಯಾವುದನ್ನು ಆರಿಸಲಿ?

ನೆಲದೊಳಗು ಬರೆದದ್ದು:

ಸಿಕ್ಕಿಂನದು ಕಡಿದಾದ ಪರ್ವತ, ಕೆಳಗೆ ಜನವಸತಿ ದಟ್ಟ. ಅದರ ಭೀಕರತೆಗೆ ಇಲ್ಲಿಯ ಯಾವುದನ್ನೂ ಹೋಲಿಸಲಾರೆ. ಆದರೆ ಕೆರೆ ಒಡೆದದ್ದುಂಟು. ಫೋರ್ಟ್ ಮೆಕ್‌ಫರ್ಸನ್ ಹತ್ತಿರ ಒಂದು ಕುಸಿತದ ಗೋಡೆ ವರ್ಷವರ್ಷವೂ ಸಣ್ಣ ಕೆರೆಯೊಂದರ ಕಡೆಗೆ ಸರಿಯುತ್ತಿತ್ತು. ನಡುವಿನ ದಂಡೆ ಸವೆಯುತ್ತಿರುವುದನ್ನು ಕಂಡ ವಾಯವ್ಯ ಪ್ರಾಂತ್ಯದ ಭೂವಿಜ್ಞಾನಿಗಳು ಮೊದಲೇ ಜನರಿಗೆ ಎಚ್ಚರಿಕೆ ಕೊಟ್ಟು, ಕ್ಯಾಮೆರಾಗಳನ್ನು ನಿಲ್ಲಿಸಿದರು. 2015ರ ಜುಲೈಯಲ್ಲಿ ದಂಡೆ ಒಡೆಯಿತು. ಸುಮಾರು 30,000 ಘನ ಮೀಟರ್ ನೀರು ಎರಡು ಗಂಟೆಗಳಲ್ಲಿ ಖಾಲಿಯಾಗಿ, ಹಿಮದ ಗೋಡೆಯ ಮೇಲಿಂದ ಜಲಪಾತದಂತೆ ಧುಮುಕಿತು. ಕೆಳಗೆ ಮನೆಗಳಿರಲಿಲ್ಲ.

ಕೆನಡಾದ ಆರ್ಕ್ಟಿಕ್‌ನಲ್ಲಿರುವ ಬ್ಯಾಂಕ್ಸ್ ದ್ವೀಪದ ಲೆಕ್ಕವನ್ನೂ ಮಕ್ಕಳಿಗೆ ಹೇಳಿ. ಉಪಗ್ರಹ ಚಿತ್ರಗಳ ಪ್ರಕಾರ 1984ರಿಂದ 2015ರ ನಡುವೆ ಅಲ್ಲಿ 4,000ಕ್ಕೂ ಹೆಚ್ಚು ಕುಸಿತಗಳು ಹುಟ್ಟಿದವು, ಸಕ್ರಿಯ ಕುಸಿತಗಳ ಸಂಖ್ಯೆ 60 ಪಟ್ಟು ಏರಿತು. ಅವುಗಳಲ್ಲಿ ನೂರಕ್ಕೆ 85ರಷ್ಟು ಆರಂಭವಾದದ್ದು ನಾಲ್ಕೇ ನಾಲ್ಕು ಬಿಸಿ ಬೇಸಿಗೆಗಳ ನಂತರ: 1998, 2010, 2011, 2012. ನೂರಾರು ಕೆರೆಗಳ ಬಣ್ಣವೇ ಬದಲಾಯಿತು. ಆರಂಭದ ಬರಹದಲ್ಲಿ ನಿಧಾನ ಎಂಬ ಮಾತನ್ನು ನಾನು ಪ್ರಶ್ನಿಸಿದ್ದು ಈ ನಾಲ್ಕು ಇಸವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ನಕ್ಷೆಯ ಬಗ್ಗೆ ಹೇಳುವುದಾದರೆ, ಎರಡನ್ನು ಒಂದರ ಮೇಲೊಂದು ಇಟ್ಟು ತೋರಿಸಿ. ಸುಮಾರು 18,000 ವರ್ಷಗಳ ಹಿಂದೆ ಲಾರೆಂಟೈಡ್ ಹಿಮಹಾಸು ಪಶ್ಚಿಮದಲ್ಲಿ ಎಲ್ಲಿಯವರೆಗೆ ಬಂದು ನಿಂತಿತ್ತು, ಹಿಂದೆ ಸರಿಯುವಾಗ ಎಲ್ಲೆಲ್ಲಿ ತಡೆದು ನಿಂತಿತು ಎಂಬ ಗೆರೆಗಳು ಮೊದಲನೆಯದರಲ್ಲಿರಲಿ. ಇಂದಿನ ಕುಸಿತಗಳನ್ನು ಚುಕ್ಕೆಗಳಾಗಿ ಗುರುತಿಸಿದ ನಕ್ಷೆ ಎರಡನೆಯದಾಗಲಿ. ವಾಯವ್ಯ ಕೆನಡಾದಲ್ಲಿ ಹನ್ನೆರಡು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ನೆಲದ ಮೇಲೆ ಈ ಕೆಲಸ ಮಾಡಿದಾಗ ಚುಕ್ಕೆಗಳು ಆ ಹಳೆಯ ಅಂಚುಗಳ ಉದ್ದಕ್ಕೇ ಸಾಲುಗಟ್ಟಿದವು. ಬ್ಯಾಫಿನ್ ದ್ವೀಪದ ಬಾರ್ನ್ಸ್ ಹಿಮಟೋಪಿಯನ್ನೂ ಅದೇ ನಕ್ಷೆಯಲ್ಲಿ ಗುರುತಿಸಿ ಕೊಡಿ; ಆ ಹಿಮಹಾಸಿನಲ್ಲಿ ನೆಲದ ಮೇಲೆ ಕಣ್ಣಿಗೆ ಕಾಣುವಂತೆ ಉಳಿದಿರುವ ತುಂಡು ಅದು.